ಮಾಬಣ್ಣನ ದನಿ ಒಂಟಿಯಾಗಿ ಊರು ಸುತ್ತಿದ ಮಳೆಗಾಲ

ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆಂದು ಹೋದ ತಿಂಗಳು ಹರಪನಹಳ್ಳಿಯಿಂದ ಹೊಸಪೇಟೆಗೆ ಹೊರಟಿದ್ದೆ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೆಟ್ಟು ನಿಂತಿತು. ‘ಇನ್ನೊಂದು ಗಾಡಿ ಬರ್ತೈತಿ, ಅಲ್ಲೀತನ ಚಾ ಕುಡೀರಿ’ ಎಂದು ಕಂಡಕ್ಟರ್ ನಮ್ಮನ್ನೆಲ್ಲ ಇಳಿಸಿದ. ಗೇಟಿನ ಹತ್ತಿರ ಹಡಗಲಿ ಮಲ್ಲಿಗೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದವಳಿಂದ ಒಂದು ಮೊಳ ಕೊಂಡು ಮುಡಿಯುತ್ತಿದ್ದೆ. ಮಲ್ಲಿಗೆಯ ಘಮದೊಳಗೆ ಇನ್ನೊಂದು ವಾಸನೆ ನುಗ್ಗಿ ಬಂತು. ಧೂಳು ಕೂತ ಆಂಪ್ಲಿಫೈಯರ್ ಬಿಸಿಯಾದಾಗ ಬರುತ್ತದಲ್ಲ, ಅರಳೆ ಕಮರಿದಂಥ ವಾಸನೆ, ಅದು. ಎದುರಿನ ಅಂಗಡಿಯಲ್ಲಿ ಯಾರೋ ಹಳೆಯ ಮೈಕ್ ಸೆಟ್ಟು ರಿಪೇರಿ ಮಾಡುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದಿದ್ದೇ ತಡ, ನಾನು ಈ ಊರಿನಲ್ಲಿ ಕಳೆದ ಒಂದು ಮಳೆಗಾಲ ಕಣ್ಣೆದುರು ಬಂದು ನಿಂತಿತು.

ಬಹಳ ಹಿಂದಿನ ಮಾತೇನಲ್ಲ. ಆ ವರ್ಷ ನನಗೆ ಇಲ್ಲಿಯ ಕಾಲೇಜಿಗೆ ವರ್ಗವಾಗಿತ್ತು. ನಾನು ಕಲಿಸುವುದು ರಾಜ್ಯಶಾಸ್ತ್ರ. ವಾದ ಮಾಡುವುದು ನನಗೆ ಹುಟ್ಟಿನಿಂದ ಬಂದ ಚಾಳಿ. ಮನೆಯಲ್ಲಿ ಯಾರೂ ಕಿವಿಗೊಡದಿದ್ದುದಕ್ಕೆ ಸಂಬಳ ತೆಗೆದುಕೊಂಡು ಮಾಡತೊಡಗಿದೆ ಎಂದು ನನ್ನ ತಮ್ಮ ಈಗಲೂ ಆಡಿಕೊಳ್ಳುತ್ತಾನೆ. ಬಾಡಿಗೆಗೆ ಸಿಕ್ಕಿದ್ದು ಒಂದು ಸೌಂಡ್ ಸರ್ವಿಸ್ ಅಂಗಡಿಯ ಮೇಲಿನ ಕೋಣೆ. ಕೆಳಗೆ ಮುಂದಕ್ಕೆ ಅಂಗಡಿ, ಹಿಂದಕ್ಕೆ ಮಾಲೀಕರ ಮನೆ. ಮಾಲೀಕರ ಹೆಸರು ಮಾಬುಸಾಬ್ ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು. ಆ ಹೆಸರಿನ ಮನುಷ್ಯನನ್ನು ನಾನು ನೋಡಿರಲಿಲ್ಲ, ಆದರೆ ಆ ದನಿಯನ್ನು ಕೇಳುತ್ತಲೇ ಬೆಳೆದಿದ್ದೆ.

ನೀಲಗುಂದದ ಹತ್ತಿರದ ನಮ್ಮ ಹಳ್ಳಿಗೂ ಮೈಕು ಕಟ್ಟಿದ ಅವರ ಆಟೊ ಬರುತ್ತಿತ್ತು. ದನಗಳಿಗೆ ಲಸಿಕೆ, ಕರೆಂಟಿಲ್ಲದ ದಿನ, ಕಳೆದುಹೋದ ಮಗು, ತೀರಿಕೊಂಡ ಹಿರಿಯರು, ಹೀಗೆ ಎಲ್ಲ ಸುದ್ದಿಯೂ ನಮಗೆ ತಲುಪುತ್ತಿದ್ದುದು ಆ ತುಂಬುಗಂಟಲಿನಿಂದ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಎಲ್ಲ ಕಡೆಯೂ ಅದೇ ದನಿ, ಜನರ ಬಾಯಲ್ಲಿ ಅವರು ಮಾಬಣ್ಣ. ‘ಸಾರ್ವಜನಿಕರ ಗಮನಕ್ಕೆ’ ಎಂದು ಶುರುವಾಗುತ್ತಿದ್ದ ಪ್ರಚಾರ ಪ್ರತಿ ಸಲವೂ ‘ಕೇಳಿದವರು ಕೇಳದವರಿಗೆ ಹೇಳಿ’ ಎಂದೇ ಮುಗಿಯುತ್ತಿತ್ತು. ನಾವು ಹುಡುಗಿಯರು ಶಾಲೆಯ ಹಿಂದೆ ನಿಂತು ಆ ಕೊನೆಯ ಸಾಲನ್ನು ಗಂಟಲು ದಪ್ಪ ಮಾಡಿ ಅಣಕಿಸಿ ನಗುತ್ತಿದ್ದೆವು.

ಸಾಮಾನು ಇಳಿಸಿದ ದಿನ ಬಾಗಿಲಲ್ಲಿ ನಿಂತು ಕೈಮುಗಿದವರು ಸಣಕಲು ಮನುಷ್ಯ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು. ‘ನಿಮ್ಮ ದನಿ ಕೇಳಿಕೊಂಡೇ ಬೆಳೆದವಳು ನಾನು’ ಎಂದು ಉತ್ಸಾಹದಿಂದ ಹೇಳಿದೆ. ಅವರು ನಕ್ಕರು, ಮಾತಾಡಲಿಲ್ಲ. ಹಿಂದಿನಿಂದ ಅವರ ಹೆಂಡತಿ ರಜಿಯಾಬಿ ಮೆಲ್ಲಗೆ ಹೇಳಿದರು: ‘ಗಂಟಲ ತೆಗೆದಾರ ಮೇಡಂ, ಹೋದ ವರ್ಷ. ದನಿ ಹೋತು, ಜೀವ ಉಳೀತು.’ ನಾಚಿಕೆಯಾಗಿ ನಾನು ಬೇಕಿಲ್ಲದ ಒಂದು ಪೆಟ್ಟಿಗೆಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ.

ಅವರ ಕೆಲಸದ ರೀತಿಯನ್ನು ನನಗೆ ಹೇಳಿದ್ದು ಆಟೊ ಓಡಿಸುತ್ತಿದ್ದ ನಾಗಪ್ಪ. ‘ಸಾವಿನ ಸುದ್ದಿ ಫೋನಿನ್ಯಾಗ ಹೇಳಿದ್ರ ಮಾಬಣ್ಣ ತೊಗೊಳ್ಳಂಗಿಲ್ರಿ. ಸತ್ತವರ ಮನಿ ಬಾಗಲಿಗೆ ಹೋಗಬೇಕು, ಚಪ್ಪಲಿ ಬಿಟ್ಟು ನಿಂದ್ರಬೇಕು, ಮನ್ಯಾಗಿನವರ ಬಾಯಿಂದ ಕೇಳಬೇಕು. ಆಮ್ಯಾಲೆ ಮೈಕು ಮುಟ್ಟಾದು. ಡೀಸೆಲ್ ದಂಡ ಅಂತ ನಾ ಒದರಿದ್ರ, ಬದುಕಿದ್ದವರನ್ನ ಮೈಕಿನ್ಯಾಗ ಸಾಯಿಸಬಾರದಲೇ ಅಂತಿದ್ದ.’ ಸಾವಿಗಷ್ಟೇ ಅಲ್ಲ, ಮಗು ಕಳೆದಿದೆ ಎಂದರೆ ತಾಯಿಯನ್ನು ನೋಡಿ ಬರುತ್ತಿದ್ದರಂತೆ. ನಲ್ಲಿ ನೀರು ಬರುವುದಿಲ್ಲ ಎಂದು ಸಾರಬೇಕಾದರೂ ಟ್ಯಾಂಕಿನ ಹತ್ತಿರ ಹೋಗಿ ವಿಚಾರಿಸಿಯೇ ಸಾರುತ್ತಿದ್ದರಂತೆ. ಹಾಗಾಗಿ ಈ ಸೀಮೆಯ ಜನಕ್ಕೆ ಒಂದು ರೂಢಿ ಬಿದ್ದಿತ್ತು. ಮಾಬಣ್ಣ ಹೇಳಿದ್ದಾನೆಂದರೆ ನೋಡಿಯೇ ಹೇಳಿರುತ್ತಾನೆ.

ಮಗಳು ಶಬಾನಾ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಚುರುಕು ಹುಡುಗಿ, ನನ್ನಷ್ಟೇ ವಾದಗಾತಿ. ಅಪ್ಪ ಮೂಲೆ ಹಿಡಿದು ಕೂತದ್ದು ಅವಳಿಂದ ನೋಡಲಾಗಲಿಲ್ಲ. ಅಂಗಡಿಯ ಪೆನ್‌ಡ್ರೈವ್‌ಗಳಲ್ಲಿ ಅವರ ಹಳೆಯ ಪ್ರಚಾರಗಳೆಲ್ಲ ಇದ್ದವು. ಅವನ್ನು ಲ್ಯಾಪ್‌ಟಾಪಿಗೆ ಉಣಿಸಿ ಉಣಿಸಿ, ಕೃತಕ ಬುದ್ಧಿಮತ್ತೆಯಿಂದ ಅಪ್ಪನ ದನಿಯನ್ನೇ ಹುಟ್ಟಿಸಿದಳು. ಟೈಪ್ ಮಾಡಿದ್ದನ್ನು ಆ ದನಿ ಓದುತ್ತಿತ್ತು. ಮೊದಲ ಸಲ ಕೇಳಲು ನನ್ನನ್ನೂ ಕೆಳಗೆ ಕರೆದರು. ಮಾಬುಸಾಬರು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಲ್ಯಾಪ್‌ಟಾಪು ಗುಡುಗಿತು: ‘ರಜಿಯಾ! ಚಹಾ ಇಡು! ಮೇಡಂ ಬಂದಿದ್ದಾರೆ!’

ಐದು ತಾಲೂಕಿಗೆ ಸಾರಿದ ಹಾಗಿತ್ತು. ಹೊರಗೆ ಆಟೊ ಒರೆಸುತ್ತಿದ್ದ ನಾಗಪ್ಪ ಗಾಬರಿಯಿಂದ ಒಳಗೆ ಬಂದವನು, ಬಂದ ಮೇಲೆ ‘ನನಗೂ ಒಂದ್ ಕಪ್ಪು’ ಎಂದ. ರಜಿಯಾಬಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನಗುತ್ತಾ ನಗುತ್ತಾ ಅವರ ಕಣ್ಣು ತುಂಬಿತು.

‘ಅಬ್ಬಾನ ದನಿನೇ ಅಲ್ಲೇನು ಅಮ್ಮಿ?’ ಎಂದಳು ಶಬಾನಾ.

‘ಹೌದು, ಅವರದ. ಆದ್ರ ಇದು ಊರಿಗೆ ಕೊಟ್ಟ ದನಿ. ಮನ್ಯಾಗ ಹಿಂಗ ಎಲ್ಲಿ ಮಾತಾಡ್ತಿದ್ರು? ದಿನಾ ಒದರಿ ಒದರಿ ಬಂದು, ಗಂಟಲ ಉಳಿಸಿಕೊಳ್ಳಾಕ ಪಿಸುಪಿಸು ಅಂತಿದ್ರು. ಪಕ್ಕದಾಗ ಕುಂತ ನಿನಗೂ ಕೇಳ್ತಿದ್ದಿಲ್ಲ.’

ಮನೆಯ ಆ ಪಿಸುದನಿಯನ್ನು ಯಾರು ರೆಕಾರ್ಡ್ ಮಾಡಿಟ್ಟಾರು? ಯಂತ್ರಕ್ಕೆ ಸಿಕ್ಕಿದ್ದು ಮೈಕಿನದೊಂದೇ. ಹಾಗಾಗಿ ಮನೆಯೊಳಗೆ ಅದನ್ನು ಯಾರೂ ಬಳಸಲಿಲ್ಲ, ಅಂಗಡಿಗೆ ಕಳಿಸಿದರು.

ಅಲ್ಲಿ ಮಾತ್ರ ಅದು ಕೆಲಸಕ್ಕೆ ಬಂತು. ಆಷಾಢದ ಗಾಳಿ ಶುರುವಾಗಿತ್ತು. ಮಳೆ ಬಂದರೂ ನಮ್ಮ ಕಡೆಯ ಮಳೆ ಸುರಿಯುವುದಿಲ್ಲ, ಜಿಟಿಜಿಟಿ ಎಂದು ಸತಾಯಿಸುತ್ತದೆ. ಆಟೊದ ಹಿಂದಿನ ಸೀಟಿನಲ್ಲಿ ತಾಡಪಾಲು ಹೊದ್ದ ಆಂಪ್ಲಿಫೈಯರು, ಮೆಕ್ಕೆಜೋಳದ ಹೊಲಗಳ ನಡುವೆ ಮತ್ತೆ ಮಾಬಣ್ಣನ ದನಿ. ಗಾಳಿ ಬೀಸಿದ ಕಡೆಗೆ ಅದು ಅರ್ಧ ಹರಿದುಹೋಗಿ, ಇನ್ನರ್ಧ ಊರಿಗೆ ಮುಟ್ಟುತ್ತಿತ್ತು. ಜನ ದನಿ ಕೇಳಿ ಓಡಿ ಬಂದು ನೋಡಿದರೆ ಮನುಷ್ಯ ಮುಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದ! ಸಾವಿನ ಮನೆಗೆ ಈಗಲೂ ಅವರೇ ಹೋಗಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು, ಕೇಳಿಸಿಕೊಳ್ಳುತ್ತಿದ್ದರು, ಆಮೇಲಷ್ಟೇ ಟೈಪ್ ಮಾಡುತ್ತಿದ್ದರು. ಒಂದೇ ತಿಂಗಳಲ್ಲಿ ಅವರ ಮುಖಕ್ಕೆ ಕಳೆ ಬಂತು. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಗಿತ್ತು.

ಆದರೂ ಸುಮ್ಮನಿರಲು ಬರಬೇಕಲ್ಲ. ‘ಇದು ಯಂತ್ರದ ದನಿ ಅಂತ ಮೊದಲೇ ಹೇಳಬೇಕಲ್ಲವಾ? ಹೇಳದೆ ಇದ್ದರೆ ಜನಕ್ಕೆ ಮೋಸ’ ಎಂದು ಶಬಾನಾಳ ಹತ್ತಿರ ತೆಗೆದೆ.

‘ಮೇಡಂ, ಸುದ್ದಿ ಖರೇ ಐತಿ. ದನಿ ಅಬ್ಬಾಂದು. ಅಬ್ಬಾ ಗಾಡ್ಯಾಗ ಅದಾನ. ಇದರಾಗ ಮೋಸ ಎಲ್ಲೈತಿ ತೋರಸ್ರಿ. ನಿಮಗೆ ಚಷ್ಮಾ ಐತಲ್ಲ, ಕಣ್ಣು ನಂದಲ್ಲ ಅಂತ ಬೋರ್ಡ್ ಹಾಕ್ಕೊಂಡು ಅಡ್ಡಾಡ್ತೀರೇನು?’

ನಾನು ಚಷ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡೆ. ಮಾಬುಸಾಬರು ಸದ್ದಿಲ್ಲದೆ ಭುಜ ಕುಣಿಸಿ ನಗುತ್ತಿದ್ದರು.

ಶ್ರಾವಣ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬರ ಫೋನಿನಿಂದ ಆ ದನಿ ಕೇಳಿಸಿತು. ‘ಸಾರ್ವಜನಿಕರ ಗಮನಕ್ಕೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಭಾಗದಲ್ಲಿ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆ. ಕೊಡೆ ರಿಪೇರಿ ಮಾಡುವವರ ವೇಷದಲ್ಲಿ ಬರುತ್ತಾರೆ. ಕಂಡರೆ ಬಿಡಬೇಡಿ. ಕೇಳಿದವರು ಕೇಳದವರಿಗೆ ಹೇಳಿ.’ ಕೇಳಿದ ಕ್ಷಣ ನಾನೂ ನಂಬಿದೆ. ಹಾಸ್ಟೆಲ್ಲಿನ ಹುಡುಗಿಯರನ್ನು ಒಬ್ಬೊಬ್ಬರೇ ಹೊರಗೆ ಬಿಡಬಾರದು ಎಂದು ಯೋಚಿಸುತ್ತಾ ಕೊಡೆ ಬಿಚ್ಚಿ ಹಾಸ್ಟೆಲ್ಲಿನತ್ತ ಹೊರಟವಳು, ಅರ್ಧ ದಾರಿಯಲ್ಲಿ ತಟ್ಟನೆ ನಿಂತೆ. ಹಿಂದಿನ ದಿನವಿಡೀ ಮಾಬುಸಾಬರು ಅಂಗಡಿಯಲ್ಲೇ ಇದ್ದರು, ಯಾರನ್ನೂ ವಿಚಾರಿಸಲು ಹೋಗಿರಲಿಲ್ಲ. ಅಲ್ಲಿಂದ ಮನೆಗೆ ಓಡಿದೆ.

ಅಂಗಡಿಯಲ್ಲಿ ಅವರೂ ಅದನ್ನೇ ಕೇಳುತ್ತಾ ಕೂತಿದ್ದರು. ತಾನು ಆಡದ ಮಾತನ್ನು ತನ್ನದೇ ದನಿಯಲ್ಲಿ ಕೇಳುವ ಮನುಷ್ಯನ ಮುಖ ಹೇಗಿರುತ್ತದೆಂದು ಅಂದು ನೋಡಿದೆ. ಮತ್ತೊಮ್ಮೆ ನೋಡುವ ಆಸೆ ನನಗಿಲ್ಲ. ಅವರು ಎದೆ ಮುಟ್ಟಿಕೊಂಡು, ಇಲ್ಲ ಇಲ್ಲ ಎಂದು ಕೈಯಾಡಿಸುತ್ತಿದ್ದರು. ‘ನಮ್ಮ ಲ್ಯಾಪ್‌ಟಾಪಿನಿಂದ ಹೋಗಿಲ್ಲ ಮೇಡಂ, ಎಲ್ಲಾ ತಗದು ನೋಡೀನಿ’ ಎಂದಳು ಶಬಾನಾ. ‘ಅಬ್ಬಾನ ದನಿ ಯಾರ ಫೋನಿನ್ಯಾಗ ಇಲ್ಲ ಹೇಳ್ರಿ? ನಾ ಮಾಡಿದ್ದು ಯಾರು ಬೇಕಾದ್ರೂ ಮಾಡಬಹುದು.’ ಅಷ್ಟರಲ್ಲಿ ನಾಗಪ್ಪನಿಗೆ ಅವನ ಷಡ್ಡಕನಿಂದ ಫೋನ್ ಬಂತು. ಕೊಟ್ಟೂರು ರಸ್ತೆಯ ಅವನ ಹಳ್ಳಿಯಲ್ಲಿ ಕೊಡೆ ರಿಪೇರಿಯ ಗಂಡ ಹೆಂಡಿರನ್ನು ಹಿಡಿದು ಕಟ್ಟಿಹಾಕಿದ್ದಾರಂತೆ. ಹೊಡೆಯುತ್ತಿದ್ದಾರಂತೆ.

ಪೊಲೀಸರಿಗೆ ಫೋನ್ ಮಾಡಿ, ನಾವು ನಾಲ್ವರೂ ಆಟೊ ಹತ್ತಿದೆವು. ದಾರಿಯುದ್ದಕ್ಕೂ ಶಬಾನಾ ತೊಡೆಯ ಮೇಲೆ ಲ್ಯಾಪ್‌ಟಾಪಿಟ್ಟುಕೊಂಡು ಟೈಪ್ ಮಾಡಿದಳು. ಊರ ಮುಂದಿನ ಹುಣಸೆಮರ ದಾಟುತ್ತಿದ್ದಂತೆ ಮೈಕಿಗೆ ಜೋಡಿಸಿದಳು. ‘ಸಾರ್ವಜನಿಕರ ಗಮನಕ್ಕೆ. ಮಕ್ಕಳ ಕಳ್ಳರ ಸುದ್ದಿ ಸುಳ್ಳು. ಅದು ನಾನು ಹೇಳಿದ್ದಲ್ಲ.’ ಕಟ್ಟೆಯ ಸುತ್ತ ನೆರೆದಿದ್ದ ಗುಂಪು ನಮ್ಮತ್ತ ತಿರುಗಿತು. ಒಬ್ಬ ತರುಣ ಫೋನ್ ಎತ್ತಿ ತೋರಿಸಿದ.

‘ಮುಂಜಾನೆ ಇದಾ ದನಿ ಖರೇ ಅಂತು. ಈಗ ಇದಾ ದನಿ ಸುಳ್ಳು ಅಂತೈತಿ. ಯಾವುದನ್ನ ನಂಬಬೇಕಲೇ?’

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಶಬಾನಾ ಮತ್ತೆ ಅದನ್ನೇ ಹಾಕಲು ಹೋದಳು. ಮಾಬುಸಾಬರು ಹಿಂದಕ್ಕೆ ಕೈ ಚಾಚಿ ಆಂಪ್ಲಿಫೈಯರಿನ ಗುಂಡಿ ತಿರುವಿ ಬಂದ್ ಮಾಡಿದರು. ಕೆಳಗಿಳಿದರು. ಗುಂಪಿನ ನಡುವೆ ಹೋಗಿ, ಕಟ್ಟೆಯ ಮುಂದೆ ಚಪ್ಪಲಿ ಬಿಟ್ಟು, ಕುತ್ತಿಗೆಯ ಬಟ್ಟೆ ಬಿಚ್ಚಿದರು. ಕುತ್ತಿಗೆಯಲ್ಲಿ ರೂಪಾಯಿಯಗಲದ ತೂತು. ಅವರು ಬಾಯಿ ತೆರೆದು ಏನೋ ಹೇಳಲು ಹೋದರು. ಆ ತೂತಿನಿಂದ ಬರೀ ಉಸಿರು ಸುಯ್ಯೆಂದು ಬಂತು. ಮುಂದೆ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

ಆಗ ಸಿದ್ದಮ್ಮ ಎಂಬ ಮುದುಕಿ ಗುಂಪನ್ನು ಸೀಳಿಕೊಂಡು ಬಂದಳು. ‘ಏ ತಡೀರಲೇ. ನನ್ನ ಗಂಡ ಹೋದ ದಿನ ಈ ಪುಣ್ಯಾತ್ಮ ಬಂದು ಹಿಂಗ ಬಾಗಲ ಮುಂದ ಚಪ್ಪಲಿ ಬಿಟ್ಟು ನಿಂತಿದ್ದ. ನಾ ಹೂಂ ಅನ್ನೋತನ ಮೈಕ್ ಮುಟ್ಟಿದ್ದಿಲ್ಲ.’ ಅವರ ಕಡೆ ತಿರುಗಿ ಕೇಳಿದಳು: ‘ಯಪ್ಪಾ, ಮಕ್ಕಳ ಕಳ್ಳರನ್ನ ನೀ ಕಣ್ಣಲೆ ನೋಡೀಯೇನು?’

ಮಾಬುಸಾಬರು ಇಲ್ಲವೆಂದು ತಲೆಯಾಡಿಸಿದರು.

‘ಮಗು ಹೋಗೈತಿ ಅಂತ ಯಾವ ತಾಯಿ ಬಾಯಿಲೆ ಆದ್ರೂ ಕೇಳೀಯೇನು?’

ಮತ್ತೆ ಇಲ್ಲ.

ಮುದುಕಿ ಗುಂಪಿನತ್ತ ತಿರುಗಿದಳು. ‘ಈ ಊರಾಗ ಯಾರ ಮನಿ ಕೂಸು ಹೋಗೈತಿ? ಮುಂದ ಬಂದು ಹೇಳ್ರಿ, ನಾನ ಇವ್ರನ್ನ ಹೊಡಿತೀನಿ.’

ಯಾರೂ ಮುಂದೆ ಬರಲಿಲ್ಲ. ತರುಣ ಫೋನ್ ಜೇಬಿಗಿಳಿಸಿದ. ಹಗ್ಗ ಬಿಚ್ಚಲು ಯಾರಿಗೂ ಮೊದಲಾಗುವ ಧೈರ್ಯವಿರಲಿಲ್ಲ. ಕಡೆಗೆ ನಾಗಪ್ಪನೇ ಹೋಗಿ ಬಿಚ್ಚಿದ. ಆ ಗಂಡಸಿನ ಹಣೆ ಒಡೆದಿತ್ತು. ಹೆಂಗಸಿನ ಬಳೆಗಳು ಕೈಗೆ ಚುಚ್ಚಿದ್ದವು. ಕೊಡೆಯ ಕಡ್ಡಿಗಳು ಕೆಸರಿನಲ್ಲಿ ಚೆಲ್ಲಾಡಿದ್ದವು. ಕಟ್ಟಿದವರೇ ಈಗ ಬಗ್ಗಿ ಅವನ್ನು ಆರಿಸಿಕೊಡತೊಡಗಿದ್ದರು. ನನಗೆ ಬಂದ ಸಿಟ್ಟಿಗೆ ಮೈ ಉರಿಯುತ್ತಿತ್ತು. ಪೊಲೀಸರ ಜೀಪು ಬಂತು. ಅವರಿಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯಲು ಹತ್ತಿಸಿಕೊಂಡಿತು. ಮಾಬುಸಾಬರು ಆ ಹೆಂಗಸಿನ ಮುಂದೆ ಕೈಮುಗಿದು ನಿಂತರು. ಆಕೆ ತೆಲುಗಿನವಳು. ಆ ಮುಂಜಾನೆ ಫೋನಿನಿಂದ ಎಷ್ಟು ಸಲ ಆ ದನಿ ಕೇಳಿದ್ದಳೋ, ನಾವು ಬಂದಾಗ ಮೈಕಿನಲ್ಲೂ ಅದೇ ಕೇಳಿತ್ತು. ಅವರ ಮುಖವನ್ನೇ ನೋಡುತ್ತಾ ‘ಗೊಂತು ನೀದೇ ಕದಾ?’ ಎಂದಳು. ದನಿ ನಿನ್ನದೇ ಅಲ್ಲವಾ ಎಂದು.

ಅದಕ್ಕೆ ಅವರು ತಲೆಯಾಡಿಸಲಿಲ್ಲ. ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ.

ಆ ಸುದ್ದಿ ಹುಟ್ಟಿಸಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಮನೆಯಲ್ಲಿ ವಾರಗಟ್ಟಲೆ ವಾದ ನಡೆಯಿತು. ಮಾಬುಸಾಬರು ಯಂತ್ರದ ದನಿ ಇನ್ನು ಬೇಡವೆಂದಿದ್ದರು. ಶಬಾನಾ ಒಪ್ಪಲಿಲ್ಲ. ‘ನಾವು ಅಳಿಸಿದ್ರ ದನಿ ಕದ್ದೋರದು ಅಳೀತೈತೇನು? ನಾವು ಸುಮ್ಮನಾದ್ರ ಸುಳ್ಳು ಹೇಳೋರ ಹತ್ರ ಮಾತ್ರ ಅಬ್ಬಾನ ದನಿ ಉಳೀತೈತಿ. ಅಬ್ಬಾ ತನ್ನ ದನಿ ತಾನ ಬಿಟ್ಟುಕೊಟ್ಟಂಗ ಆಗಂಗಿಲ್ಲೇನು?’ ಎಂದು ಅತ್ತಳು. ತರಗತಿಯಲ್ಲಿ ಹಕ್ಕುಗಳ ಪಾಠ ಮಾಡುವಾಗ ಈಗಲೂ ಅವಳ ಈ ಮಾತಿನ ಹತ್ತಿರ ಬಂದು ತಡವರಿಸುತ್ತೇನೆ. ಯಾರದೋ ದನಿ ಅವರದೇ ಎನ್ನುವುದು ಸುಲಭ. ಆದರೆ ಆ ದನಿಯನ್ನು ಐದು ತಾಲೂಕು ನಂಬಿದ್ದು ಗಂಟಲಿನ ಇಂಪಿಗೆ ಅಲ್ಲವಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ ಮನುಷ್ಯನಿಗೆ ಕೊಟ್ಟ ನಂಬಿಕೆ ಅದು. ಕದ್ದವರು ದನಿಯ ಜೊತೆ ಅದನ್ನೂ ಹೊತ್ತೊಯ್ದಿದ್ದರು. ಜನ ಮಾಡಿದ ತಪ್ಪೂ ಅಷ್ಟೇ: ದನಿ ಬಂದಿದೆ ಎಂದರೆ ಮನುಷ್ಯನೂ ಬಂದಿದ್ದಾನೆ ಎಂದುಕೊಂಡರು.

ಮಾಬುಸಾಬರು ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡರು. ಕೆಲವು ದಿನ ಬಿಟ್ಟು ರೈಲ್ವೆ ಸ್ಟೇಷನ್ ಕಡೆಯ ಮನೆಯೊಂದರಲ್ಲಿ ಸಾವಾಯಿತು. ಅವರು ಹೋಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಆಮೇಲೆ ಟೈಪ್ ಮಾಡುವ ಬದಲು ಸತ್ತವನ ಅಣ್ಣನ ಕೈಗೆ ಮೈಕು ಕೊಟ್ಟು, ಹಿಂದಿನ ಸೀಟು ತೋರಿಸಿದರು. ತಾವು ನಾಗಪ್ಪನ ಪಕ್ಕ ಕೂತರು. ಆ ಅಣ್ಣ ಕೆಮ್ಮುತ್ತಾ, ತೊದಲುತ್ತಾ, ತಮ್ಮನ ಹೆಸರು ಹೇಳಿದ. ಅಂದಿನಿಂದ ಅದೇ ಪದ್ಧತಿಯಾಯಿತು. ಯಾರ ಸುದ್ದಿಯೋ ಅವರೇ ಹೇಳಬೇಕು, ಮಾಬಣ್ಣ ಮುಂದೆ ಕೂತಿರಬೇಕು. ಮೊದಮೊದಲು ಜನ ನಕ್ಕರು, ಕಿವಿ ಮುಚ್ಚಿಕೊಂಡರು. ದೀಪಾವಳಿ ಹೊತ್ತಿಗೆ ಅಂಗಡಿಗಳ ಮುಂದೆ ನಿಂತವರು ಮಾತು ಕೇಳುವ ಮೊದಲು ಆಟೊದೊಳಗೆ ಬಗ್ಗಿ ನೋಡುವುದು ಶುರುವಾಗಿತ್ತು.

ಅಲ್ಲಿಂದ ನನಗೆ ಮತ್ತೆ ವರ್ಗವಾಗುವ ಸ್ವಲ್ಪ ಮೊದಲು ಶಬಾನಾ ನನ್ನನ್ನು ಕೆಳಗೆ ಕರೆದಳು. ಹಳೆಯ ಪೆನ್‌ಡ್ರೈವ್ ಒಂದರಲ್ಲಿ, ಯಾವುದೋ ಲಸಿಕೆಯ ಪ್ರಚಾರ ಮುಗಿದ ಮೇಲೆ, ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದರು. ಸ್ವಲ್ಪ ಗರಗರ ಸದ್ದು, ಆಮೇಲೆ ಬಲು ಮೆಲ್ಲಗೆ: ‘ರಜ್ಜೂ... ಬಂದೆ, ತಡಿ.’ ಅಷ್ಟೇ. ರಜಿಯಾಬಿ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದರು.

‘ಅಮ್ಮಿ, ಇದೇ ಅಲ್ಲೇನು ಮನಿ ದನಿ? ಇಷ್ಟು ಸಾಕು ನನಗೆ. ಇದರಾಗಿಂದ ಅಬ್ಬಾ ದಿನಾ ನಿನ್ನ ಜೋಡಿ ಮಾತಾಡೋ ಹಂಗ ಮಾಡ್ತೀನಿ’ ಎಂದಳು ಶಬಾನಾ.

ರಜಿಯಾಬಿ ಗಂಡನ ಮುಖ ನೋಡಿದರು. ಅವರು ನಿನಗೆ ಬಿಟ್ಟದ್ದು ಎನ್ನುವಂತೆ ಕೈ ತೋರಿದರು. ‘ಬ್ಯಾಡವ್ವ’ ಎಂದರು ರಜಿಯಾಬಿ. ‘ಎಷ್ಟೈತೋ ಅಷ್ಟ ಇರ್ಲಿ. ಅದು ಅವ್ರು ಹೇಳಿದ್ದು.’ ಇನ್ನೊಂದು ಸಲ ಹಾಕೆಂದು ಕೇಳಿ, ಕೇಳಿಸಿಕೊಂಡು, ರೊಟ್ಟಿ ಬಡಿಯಲು ಒಳಗೆ ಹೋದರು.

ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆ ಮುಡಿದು ನಾನು ಇದನ್ನೆಲ್ಲ ನೆನೆಯುತ್ತಾ ನಿಂತಿದ್ದಾಗ ಆಟೊ ಬಂತು. ಹಿಂದಿನ ಸೀಟಿನಲ್ಲಿ ನಡುವಯಸ್ಸಿನವನೊಬ್ಬ ಎರಡೂ ಕೈಯಲ್ಲಿ ಮೈಕು ಹಿಡಿದಿದ್ದ. ‘ನಮ್ಮವ್ವ... ದ್ಯಾಮವ್ವ... ಸ್ಟೇಷನ್ ಹತ್ರ ರೊಟ್ಟಿ ಮಾಡ್ತಿದ್ಲಲ್ರಿ, ಆಕಿ... ಇವತ್ತು ಮುಂಜಾನಿ...’ ಎಂದವನಿಗೆ ಮುಂದೆ ಆಗಲಿಲ್ಲ. ಆಟೊ ನಿಂತಿತು. ನಾಗಪ್ಪನ ಪಕ್ಕ ಕೂತಿದ್ದ ಮಾಬುಸಾಬರು ಹಿಂದೆ ತಿರುಗಲಿಲ್ಲ, ಅವಸರ ಮಾಡಲಿಲ್ಲ. ಅವನು ಅಳುವ ಉಸಿರೊಂದೇ ಧ್ವನಿವರ್ಧಕದಿಂದ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ಚಹಾದ ಅಂಗಡಿಯವನು ಸ್ಟೌ ಸಣ್ಣಗೆ ಮಾಡಿದ. ಹೊರಡಲಿದ್ದ ಇನ್ನೊಂದು ಬಸ್ಸಿನ ಕಂಡಕ್ಟರ್ ಬಾಯಿಗಿಟ್ಟ ಸೀಟಿ ಊದದೆ ನಿಂತ. ಎಲ್ಲರೂ ಕಾದೆವು. ಕಡೆಗೆ ಅವನು ‘ಸಂಜಿ ನಾಕಕ್ಕ ಮಣ್ಣು’ ಎಂದು ಹೇಗೋ ಮುಗಿಸಿ, ಕೊನೆಯ ಸಾಲನ್ನು ಮರೆತೇ ಮೈಕು ಕೆಳಗಿಟ್ಟ. ಮಾಬುಸಾಬರು ನನ್ನನ್ನು ಗುರುತಿಸಿ ಹಣೆಗೆ ಕೈಯೆತ್ತಿದರು. ಆಟೊ ಮುಂದೆ ಹೋಯಿತು.

ಹೂವಿನವಳು ನನ್ನ ಸೆರಗು ಜಗ್ಗಿದಳು. ‘ಕೇಳೀತೇನಕ್ಕಾ? ರೊಟ್ಟಿ ದ್ಯಾಮವ್ವ ಹೋದ್ಲಂತ.’

ನಾನು ಹೂಂಗುಟ್ಟಿದೆ. ಅಷ್ಟರಲ್ಲಿ ಕೂಡ್ಲಿಗಿ ಬಸ್ಸಿನಿಂದ ಇಳಿದ ಹಿರಿಯರೊಬ್ಬರು, ಚೀಲ ಹೆಗಲಿಗೇರಿಸುತ್ತಾ, ದೂರವಾಗುತ್ತಿದ್ದ ಆಟೊ ನೋಡಿ ‘ಏನಂತ್ರಿ ತಾಯಿ?’ ಎಂದು ಕೇಳಿದರು. ದ್ಯಾಮವ್ವನನ್ನು ನಾನು ಎಂದೂ ನೋಡಿರಲಿಲ್ಲ.

‘ರೊಟ್ಟಿ ದ್ಯಾಮವ್ವ ಹೋದ್ರಂತ್ರಿ’ ಎಂದೆ. ‘ಸಂಜಿ ನಾಕಕ್ಕ ಮಣ್ಣು. ಮಾಬಣ್ಣ ಮುಂದ ಕುಂತಿದ್ದ.’